ಕೇರಂ ಪುಡಿಗೂ ಜೀವದ ಹುಟ್ಟಿಗೂ ಏನು ನಂಟು?

ಕೇರಂ ಬೋರ್ಡಿನ ಮೇಲೆ ಒಂದು ಚಿಟಿಕೆ ಬಿಳಿ ಪುಡಿ ಉದುರಿಸಿ, ಅಂಗೈಯಿಂದ ಸವರಿ, ಸ್ಟ್ರೈಕರ್ ಹೊಡೆದರೆ ಅದು ಸರ್ರನೆ ಜಾರುತ್ತದೆ. ಆ ಪುಡಿ ಯಾವುದು ಎಂದು ಎಂದಾದರೂ ಕೇಳಿದ್ದೀರಾ ಮಕ್ಕಳೇ? ಸಾಮಾನ್ಯವಾಗಿ ಅದು ಬೋರಿಕ್ ಆಮ್ಲದ ಪುಡಿ. ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ಅವರಿಗೆ ಅದು ಇನ್ನೊಂದು ರೂಪದಲ್ಲಿ ಗೊತ್ತಿರುತ್ತದೆ. ಬಾವು ಬಂದ ಜಾಗಕ್ಕೆ ಬೋರಿಕ್ ಹತ್ತಿಯನ್ನು ಬಿಸಿನೀರಿಗೆ ಅದ್ದಿ ಶಾಖ ಕೊಡುತ್ತಿದ್ದ ಕಾಲವನ್ನು ಕಂಡವರು ಅವರು. ಅಕ್ಕಸಾಲಿಗರ ಅಂಗಡಿಯಲ್ಲಿ ಕಾದು ಕೂತವರಿಗೆ ಬಿಳಿಗಾರ ಗೊತ್ತು. ಮುರಿದ ಓಲೆಗೆ ಬೆಸುಗೆ ಹಾಕುವ ಮುಂಚೆ ಅವರು ಹಚ್ಚುವುದು ಅದನ್ನೇ. ಟಂಕಣ ಎಂದರೂ ಅದೇ, ಬೊರಾಕ್ಸ್ ಎಂದರೂ ಅದೇ. ತೆಂಗಿನ ತೋಟ ಇರುವವರು ಎಳೆಯ ಗರಿ ಬಿಚ್ಚಿಕೊಳ್ಳದೆ ಮುದುಡಿದಾಗ ಬುಡಕ್ಕೆ ಹಾಕುವುದೂ ಈ ಬೊರಾಕ್ಸನ್ನೇ.

ಇವೆಲ್ಲದರೊಳಗೂ ಇರುವ ಮೂಲವಸ್ತು ಒಂದೇ: ಬೋರಾನ್. ಆವರ್ತ ಕೋಷ್ಟಕದಲ್ಲಿ ಐದನೆಯ ಮನೆ ಅದರದು. ಆರನೆಯ ಮನೆಯಲ್ಲಿರುವುದು ಇಂಗಾಲ. ನಾವು, ನಮ್ಮ ಹಸು, ಹಿತ್ತಿಲ ನುಗ್ಗೆಮರ, ಮೊಸರಿನ ಬ್ಯಾಕ್ಟೀರಿಯ ಎಲ್ಲವೂ ಇಂಗಾಲದ ಕಟ್ಟಡಗಳು ಎಂದು ಪಾಠದಲ್ಲಿ ಓದುತ್ತೀರಿ. ಪಕ್ಕದ ಮನೆಯ ಬೋರಾನನ್ನು ಮಾತನಾಡಿಸುವವರು ಕಡಿಮೆ. ಆದರೆ ಈ ನೆರೆಯವನು ಆಸರೆ ಕೊಡದಿದ್ದರೆ ಭೂಮಿಯ ಮೇಲೆ ಜೀವ ಹುಟ್ಟುವುದೇ ಕಷ್ಟವಾಗುತ್ತಿತ್ತು ಎಂದು ಕೆಲವು ವಿಜ್ಞಾನಿಗಳು ಇಪ್ಪತ್ತು ವರ್ಷಗಳಿಂದ ಹೇಳುತ್ತಿದ್ದಾರೆ. ಆ ಕಥೆಯನ್ನು ಇವತ್ತು ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

ಮೊದಲನೆಯದು ಎಲ್ಲಿಂದ ಬಂತು?

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಈಗ ನನಗೆ ಪ್ರಶ್ನೆ ಹಾಕುವ ಕೆಲಸ ಏಳನೆಯ ತರಗತಿಯ ನನ್ನ ಮೊಮ್ಮಗಳದು. ಒಂದು ದಿನ ಪುಸ್ತಕ ಮಡಚಿಟ್ಟು ಕೇಳಿದಳು: "ತಾತ, ಜೀವ ಇನ್ನೊಂದು ಜೀವದಿಂದಲೇ ಹುಟ್ಟುತ್ತದೆ ಅಂತ ನಮ್ಮ ಟೀಚರ್ ಹೇಳಿದರು. ಹಾಗಾದರೆ ಎಲ್ಲಕ್ಕಿಂತ ಮೊದಲನೆಯದು ಯಾವುದರಿಂದ ಹುಟ್ಟಿತು?"

ಬೀಜ ಮೊದಲೋ ಮರ ಮೊದಲೋ ಎಂಬ ಹಳೆಯ ಪ್ರಶ್ನೆಯೇ ಇದು. ಜೀವಕೋಶದೊಳಗೂ ಈ ಗಂಟು ಇದೆ. ಕೋಶದ ಕೆಲಸವನ್ನೆಲ್ಲ ಮಾಡುವುದು ಪ್ರೋಟೀನುಗಳು. ಆ ಪ್ರೋಟೀನನ್ನು ಹೇಗೆ ಕಟ್ಟಬೇಕು ಎಂಬ ಬರಹ ಇರುವುದು ಡಿಎನ್‌ಎಯಲ್ಲಿ. ಡಿಎನ್‌ಎಯನ್ನು ನಕಲು ಮಾಡಲು ಮತ್ತೆ ಪ್ರೋಟೀನು ಬೇಕು. ಬರಹವಿಲ್ಲದೆ ಕೆಲಸಗಾರನಿಲ್ಲ, ಕೆಲಸಗಾರನಿಲ್ಲದೆ ಬರಹವಿಲ್ಲ.

ಈ ಗಂಟನ್ನು ಸ್ವಲ್ಪ ಸಡಿಲಿಸಿದ್ದು ಆರ್‌ಎನ್‌ಎ ಎಂಬ ಮೂರನೆಯ ಅಣು. ಅದು ಡಿಎನ್‌ಎಯ ಹತ್ತಿರದ ಬಂಧು. ಡಿಎನ್‌ಎಯ ಸಂದೇಶವನ್ನು ಹೊತ್ತೊಯ್ಯುವ ಜವಾನನಂತೆ ಮಾತ್ರ ಅದನ್ನು ನೋಡುತ್ತಿದ್ದರು. ಕೆಲವು ಆರ್‌ಎನ್‌ಎಗಳು ಪ್ರೋಟೀನುಗಳ ಹಾಗೆ ತಾವೇ ರಾಸಾಯನಿಕ ಕ್ರಿಯೆ ನಡೆಸುತ್ತವೆ ಎಂದು ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ತೋರಿಸಿದರು. 1989ರಲ್ಲಿ ಅವರಿಗೆ ನೊಬೆಲ್ ಬಂತು. ಕೋಶದಲ್ಲಿ ಪ್ರೋಟೀನು ತಯಾರಿಸುವ ಯಂತ್ರದ ಹೆಸರು ರೈಬೋಸೋಮ್. ಅದರ ರಚನೆಯನ್ನು ಬಿಡಿಸಿ ನೋಡಿದ್ದಕ್ಕೆ ಚಿದಂಬರದಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಅವರೂ ಸೇರಿ ಮೂವರಿಗೆ 2009ರ ನೊಬೆಲ್ ಸಿಕ್ಕಿತು. ಆ ಯಂತ್ರದ ಹೃದಯಭಾಗದಲ್ಲಿ ಪ್ರೋಟೀನಿನ ಕೊಂಡಿಗಳನ್ನು ಬೆಸೆಯುವುದು ಆರ್‌ಎನ್‌ಎಯೇ. ಅಂದರೆ ಬರಹವೂ ಅದೇ, ಕೆಲಸಗಾರನೂ ಅದೇ. ಆದ್ದರಿಂದ ಜೀವದ ಮೊದಲ ಅಧ್ಯಾಯದಲ್ಲಿ ಆರ್‌ಎನ್‌ಎ ಒಂದೇ ಎರಡೂ ಪಾತ್ರ ವಹಿಸಿತ್ತು ಎಂದು ಬಹಳ ವಿಜ್ಞಾನಿಗಳು ಊಹಿಸುತ್ತಾರೆ. ಆ ಕಾಲಕ್ಕೆ ಅವರು ಇಟ್ಟ ಹೆಸರು 'ಆರ್‌ಎನ್‌ಎ ಜಗತ್ತು'.

ಆದರೆ ಆ ಆರ್‌ಎನ್‌ಎ ಎಲ್ಲಿಂದ ಬಂತು? ಅದೊಂದು ಉದ್ದನೆಯ ಸರ. ಪ್ರತಿ ಮಣಿಯಲ್ಲೂ ಮೂರು ಭಾಗ: ಅಕ್ಷರದ ಕೆಲಸ ಮಾಡುವ ಒಂದು ಪ್ರತ್ಯಾಮ್ಲ, ಮಣಿಗಳನ್ನು ಪೋಣಿಸುವ ಫಾಸ್ಫೇಟ್, ನಡುವೆ ಐದು ಇಂಗಾಲದ ಒಂದು ಸಕ್ಕರೆ. ಆ ಸಕ್ಕರೆಯ ಹೆಸರು ರೈಬೋಸ್. ಆರ್‌ಎನ್‌ಎ ಎಂಬ ಹೆಸರಿನ ಮೊದಲ ಅಕ್ಷರ ಬಂದದ್ದೇ ಅದರಿಂದ. ತೊಡಕು ಶುರುವಾಗುವುದೂ ಆ ಸಕ್ಕರೆಯಲ್ಲೇ.

ಪಾಕ ಇಳಿಸುವವರು ಯಾರು?

ಬೆಲ್ಲದ ಪಾಕ ಮಾಡಿ ಗೊತ್ತಿರುವ ಅಜ್ಜಿಯರಿಗೆ ಈ ತೊಡಕನ್ನು ಒಂದೇ ಮಾತಿನಲ್ಲಿ ಹೇಳಬಹುದು. ಪಾಕ ಏರಿಸುವುದು ಸುಲಭ, ಇಳಿಸುವುದು ಕಷ್ಟ. ಒಂದೆಳೆ ಬಂತು, ಎರಡೆಳೆ ಬಂತು, ನೀರಿಗೆ ಬಿಟ್ಟರೆ ಉಂಡೆ ಕಟ್ಟಿತು. ತಕ್ಷಣ ಇಳಿಸಬೇಕು. ಬಾಗಿಲಲ್ಲಿ ಯಾರೋ ಕರೆದರೆಂದು ಹೋಗಿ ಬಂದರೆ ತಳ ಹತ್ತಿ, ಸೀದು, ಕಪ್ಪಾಗಿ, ಕಹಿಯಾಗಿ ಕೂತಿರುತ್ತದೆ.

1861ರಲ್ಲಿ ರಷ್ಯಾದ ರಸಾಯನ ವಿಜ್ಞಾನಿ ಅಲೆಕ್ಸಾಂಡರ್ ಬಟ್ಲೆರೋವ್ ಒಂದು ಸೋಜಿಗ ಕಂಡರು. ಫಾರ್ಮಾಲ್ಡಿಹೈಡ್ ಎಂಬ ಸರಳ ವಸ್ತುವನ್ನು ಸುಣ್ಣದ ನೀರಿನೊಡನೆ ಬಿಸಿ ಮಾಡಿದರೆ ಸಕ್ಕರೆಗಳ ಮಿಶ್ರಣ ಸಿಗುತ್ತದೆ. ಫಾರ್ಮಾಲ್ಡಿಹೈಡ್‌ನಲ್ಲಿ ಇರುವುದು ಒಂದು ಇಂಗಾಲ, ಎರಡು ಹೈಡ್ರೋಜನ್, ಒಂದು ಆಮ್ಲಜನಕ, ಅಷ್ಟೇ. ನಕ್ಷತ್ರಗಳ ನಡುವಿನ ಮೋಡಗಳಲ್ಲೂ ಅದು ಇದೆ. ಆದಿಭೂಮಿಯ ಗಾಳಿಯಲ್ಲಿ ಅದು ತಯಾರಾಗುವುದು ಕಷ್ಟವೇನಲ್ಲ. ಗಿಡವಿಲ್ಲ, ಕಬ್ಬಿಲ್ಲ, ಜೀವದ ಸುಳಿವೇ ಇಲ್ಲ, ಆದರೂ ಸಕ್ಕರೆ! ಜೀವದ ಹುಟ್ಟನ್ನು ಹುಡುಕುವವರಿಗೆ ಇದಕ್ಕಿಂತ ಸಿಹಿಸುದ್ದಿ ಬೇಕೆ?

ಆದರೆ ಒಲೆಯ ಮುಂದೆ ನಿಂತು ನೋಡಿದವರಿಗೆ ಉಳಿದರ್ಧ ಗೊತ್ತು. ಆ ಪಾತ್ರೆಯಲ್ಲಿ ಹುಟ್ಟುವ ಸಕ್ಕರೆ ಒಂದಲ್ಲ, ಹತ್ತಾರು. ಅವು ಸುಮ್ಮನೆ ಕೂರುವುದೂ ಇಲ್ಲ. ಒಂದಕ್ಕೊಂದು ಅಂಟಿಕೊಂಡು, ಬೆಳೆದು, ಕವಲೊಡೆದು ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಡಾಂಬರಿನಂಥ ಅಂಟಾಗುತ್ತವೆ. ನಮಗೆ ಬೇಕಾದ ರೈಬೋಸ್ ಆ ಗುಂಪಿನಲ್ಲಿ ಒಂದು ಕ್ಷಣ ಬಂದು ಹೋಗುವ ಅತಿಥಿ.

ರೈಬೋಸ್ ಎಷ್ಟು ಬೇಗ ಕೆಡುತ್ತದೆ ಎಂದು ಅಳೆದವರು ಸ್ಟಾನ್ಲಿ ಮಿಲ್ಲರ್ ಮತ್ತು ಅವರ ಸಂಗಡಿಗರು. 1953ರಲ್ಲಿ ಗಾಜಿನ ಬುರುಡೆಯೊಳಗೆ ಕೃತಕ ಮಿಂಚು ಹರಿಸಿ ಅಮೈನೋ ಆಮ್ಲಗಳನ್ನು ತಯಾರಿಸಿ ಜಗತ್ತನ್ನೇ ಬೆರಗುಗೊಳಿಸಿದ ಮಿಲ್ಲರ್ ಇವರೇ. 1995ರಲ್ಲಿ ಅವರು ಕೊಟ್ಟ ಲೆಕ್ಕ ಹೀಗಿದೆ: ಕುದಿಯುವ ನೀರಿನಲ್ಲಿ ರೈಬೋಸಿನ ಅರ್ಧ ಪಾಲು 73 ನಿಮಿಷದಲ್ಲೇ ಹಾಳಾಗುತ್ತದೆ. ಮಂಜುಗಡ್ಡೆಯಷ್ಟು ತಣ್ಣಗಿರುವ, ಅಂದರೆ 0 ಡಿಗ್ರಿ ನೀರಿನಲ್ಲಿ ಇಟ್ಟರೂ 44 ವರ್ಷದಲ್ಲಿ ಅರ್ಧ ಹೋಗುತ್ತದೆ. ನಮಗೆ 44 ವರ್ಷ ದೊಡ್ಡದು. 454 ಕೋಟಿ ವರ್ಷ ವಯಸ್ಸಿನ ಭೂಮಿಗೆ ಅದು ಕಣ್ಣು ಮಿಟುಕಿಸಿದಷ್ಟು ಹೊತ್ತು. ಇಷ್ಟು ದುರ್ಬಲವಾದ ಸಕ್ಕರೆಯನ್ನು ನಂಬಿ ಜೀವ ಶುರುವಾಗಿರಲಾರದು ಎಂದು ಮಿಲ್ಲರ್ ತಂಡವೇ ಅಭಿಪ್ರಾಯಪಟ್ಟಿತು.

ಆದ್ದರಿಂದ ಪ್ರಶ್ನೆ ಬದಲಾಯಿತು. ಸಕ್ಕರೆ ಹೇಗೆ ಹುಟ್ಟಿತು ಎಂಬುದಕ್ಕೆ ಉತ್ತರ ಸಿಕ್ಕಿತ್ತು. ಅಜ್ಜಿಯೂ ಇಲ್ಲದ, ಇಕ್ಕಳವೂ ಇಲ್ಲದ ಆ ಕಾಲದಲ್ಲಿ ಸರಿಯಾದ ಹದಕ್ಕೆ ಪಾಕ ಇಳಿಸಿದವರು ಯಾರು?

ಹಿಡಿಯುವ ಕೈ, ಬಿಡುವ ಕೈ

ಉತ್ತರಕ್ಕೆ ಮೊದಲು ಒಂದು ಪ್ರಯೋಗ ಹೇಳುತ್ತೇನೆ. ನಾನು ಪ್ರತಿವರ್ಷ ತರಗತಿಯಲ್ಲಿ ತಪ್ಪದೆ ಮಾಡಿ ತೋರಿಸುತ್ತಿದ್ದದ್ದು ಇದು. ಶಾಲೆಯ ಲ್ಯಾಬಿನಲ್ಲಿ ನಿಮ್ಮ ಟೀಚರ್ ಜೊತೆಗಿದ್ದರೆ ನೀವೂ ಮಾಡಬಹುದು.

ಒಂದು ಪ್ರನಾಳದಲ್ಲಿ ನೀರಿಗೆ ಸ್ವಲ್ಪ ಬೊರಾಕ್ಸ್ ಕರಗಿಸಿ. ಫಿನಾಲ್ಫ್ತಲೀನ್ ಎಂಬ ಸೂಚಕದ ಎರಡು ಹನಿ ಬಿಡಿ. ಬೊರಾಕ್ಸ್ ನೀರು ಕ್ಷಾರವಾದ್ದರಿಂದ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಈಗ ಗ್ಲಿಸರಿನ್ ಹಾಕಿ ಕಲಕಿ. ಬಣ್ಣ ಮಾಯ! ಪ್ರನಾಳವನ್ನು ಮೆಲ್ಲಗೆ ಬಿಸಿ ಮಾಡಿ, ಗುಲಾಬಿ ಮರಳಿ ಬರುತ್ತದೆ. ಆರಲು ಬಿಡಿ, ಮತ್ತೆ ಮಾಯ. ಮಕ್ಕಳು "ಸಾರ್, ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ಗಂಟೆ ಹೊಡೆಯುವವರೆಗೂ ಬಿಡುತ್ತಿರಲಿಲ್ಲ.

ಒಳಗೆ ನಡೆಯುವುದು ಇಷ್ಟು. ಗ್ಲಿಸರಿನ್ ಅಣುವಿನಲ್ಲಿ ಇಂಗಾಲಗಳು ಸಾಲಾಗಿ ನಿಂತಿವೆ. ಒಂದೊಂದು ಇಂಗಾಲಕ್ಕೂ ಒಂದೊಂದು ಕೈ ಇದೆ ಎಂದುಕೊಳ್ಳಿ. ಪ್ರತಿ ಕೈಯಲ್ಲೂ ಒಂದು ಆಮ್ಲಜನಕ, ಒಂದು ಹೈಡ್ರೋಜನ್. ಅಕ್ಕಪಕ್ಕದಲ್ಲಿ ಚಾಚಿದ ಇಂಥ ಎರಡು ಕೈ ಕಂಡರೆ ಬೋರಾನ್ ಎರಡನ್ನೂ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದಾಗ ದ್ರಾವಣದ ಕ್ಷಾರಗುಣ ಇಳಿದು ಬಣ್ಣ ಹೋಗುತ್ತದೆ. ಬಿಸಿ ಮಾಡಿದಾಗ ಹಿಡಿತ ಸಡಿಲವಾಗಿ ಬಣ್ಣ ಬರುತ್ತದೆ. ಬೋರಾನ್ ಹಿಡಿಯಲೂ ಬಲ್ಲದು, ಬಿಡಲೂ ಬಲ್ಲದು. ಈ ಎರಡನ್ನೂ ನೆನಪಿಟ್ಟುಕೊಳ್ಳಿ.

ಗೋಂದಿಗೆ ಬೊರಾಕ್ಸ್ ನೀರು ಬೆರೆಸಿ ಸ್ಲೈಮ್ ಮಾಡಿ ಆಡುವ ಮಕ್ಕಳು ಇದೇ ಹಿಡಿತವನ್ನು ಬೆರಳಲ್ಲೇ ಮುಟ್ಟಿದ್ದಾರೆ. ಗೋಂದಿನ ಉದ್ದ ದಾರಗಳ ಕೈಗಳನ್ನು ಬೋರಾನ್ ಅಲ್ಲಲ್ಲಿ ಜೋಡಿಸಿ ಹಿಡಿಯುವುದರಿಂದಲೇ ನೀರು ನೀರಾದ ಗೋಂದು ಲೋಳೆಯ ಮುದ್ದೆಯಾಗುತ್ತದೆ.

ಈಗ ರೈಬೋಸಿಗೆ ಬರೋಣ. ಅದು ನೀರಿನಲ್ಲಿ ಕೆಲವೊಮ್ಮೆ ಬಿಚ್ಚಿದ ದಾರದಂತೆ, ಹೆಚ್ಚಿನ ಹೊತ್ತು ಬಳೆಯಂತೆ ಇರುತ್ತದೆ. ಬಿಚ್ಚಿದಾಗ ಅದರ ಒಂದು ತುದಿ ತೆರೆದುಕೊಳ್ಳುತ್ತದೆ. ಸಿಕ್ಕಸಿಕ್ಕವರಿಗೆ ಅಂಟಿಕೊಂಡು ಕೆಡುವುದು ಆ ತುದಿಯಿಂದಲೇ. ಬಳೆಯಾದಾಗ ಅದರ ಎರಡನೆಯ ಮತ್ತು ಮೂರನೆಯ ಇಂಗಾಲದ ಕೈಗಳು ಅಕ್ಕಪಕ್ಕದಲ್ಲಿ, ಒಂದೇ ಬದಿಗೆ ಚಾಚಿಕೊಂಡಿರುತ್ತವೆ. ಬೋರಾನಿಗೆ ಬೇಕಾದದ್ದೂ ಅಂಥದ್ದೇ. ಅದು ಬಂದು ಹಿಡಿದರೆ ಬಳೆ ಬಿಚ್ಚಿಕೊಳ್ಳುವುದು ನಿಲ್ಲುತ್ತದೆ, ಕೆಡುವ ತುದಿ ಮುಚ್ಚಿಹೋಗುತ್ತದೆ.

ಇದನ್ನು ಪಾತ್ರೆಯಲ್ಲಿ ಮಾಡಿ ತೋರಿಸಿದವರು ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವನ್ ಬೆನ್ನರ್, ಅಲೊನ್ಸೊ ರಿಕಾರ್ಡೊ ಮತ್ತು ಅವರ ಜೊತೆಗಾರರು. ವರ್ಷ 2004. ಎರಡು ಇಂಗಾಲದ ಒಂದು ಸಣ್ಣ ಅಣು, ಮೂರು ಇಂಗಾಲದ ಇನ್ನೊಂದು ಸಣ್ಣ ಅಣು, ಎರಡನ್ನೂ ಅವರು ಸುಣ್ಣದ ನೀರಿನಲ್ಲಿ ಬೆರೆಸಿದರು. ಎರಡೂ ಮೂರೂ ಕೂಡಿದರೆ ಐದು, ಅಂದರೆ ಐದು ಇಂಗಾಲದ ಸಕ್ಕರೆ. ಬರೀ ಸುಣ್ಣ ಇದ್ದ ಪಾತ್ರೆ ಎಂದಿನಂತೆ ಕಂದು ಬಣ್ಣಕ್ಕೆ ತಿರುಗಿತು. ಬೋರಾನ್ ಇರುವ ಕೋಲ್ಮನೈಟ್ ಎಂಬ ಖನಿಜವನ್ನು ಹಾಕಿದ ಪಾತ್ರೆ ಕಂದಾಗಲಿಲ್ಲ. ಅದರಲ್ಲಿ ರೈಬೋಸ್ ಮತ್ತು ಅದರ ಐದಿಂಗಾಲದ ಸಹೋದರ ಸಕ್ಕರೆಗಳು ಕೆಡದೆ ಉಳಿದಿದ್ದವು. ಮರುವರ್ಷ ಇನ್ನೊಂದು ಸಂಗತಿ ಗೊತ್ತಾಯಿತು. ಆ ಸಹೋದರರಲ್ಲಿ ಬೋರಾನ್ ಎಲ್ಲರಿಗಿಂತ ಗಟ್ಟಿಯಾಗಿ ಹಿಡಿಯುವುದು ರೈಬೋಸನ್ನೇ.

ಕಲ್ಲಿನ ಪುಡಿ ಪಾಕವನ್ನು ಹದದಲ್ಲಿ ನಿಲ್ಲಿಸಿತ್ತು. ಇನ್ನೊಂದು ತಮಾಷೆ ಕೇಳಿ. ಈ ಕೋಲ್ಮನೈಟ್ ಸಿಗುವ ಹೆಸರಾಂತ ಜಾಗಗಳಲ್ಲಿ ಒಂದು ಅಮೆರಿಕದ ಡೆತ್ ವ್ಯಾಲಿ. ಅಂದರೆ ಸಾವಿನ ಕಣಿವೆ! ಜೀವದ ಸಕ್ಕರೆಯನ್ನು ಕಾಯುವ ಕಲ್ಲಿಗೆ ಎಂಥ ತವರೂರು!

ಒಡೆದ ಚೂರುಗಳಿಂದ ಹುಟ್ಟಿದ ಧಾತು

ಬೋರಾನ್ ಇಷ್ಟು ಉಪಕಾರಿಯಾದರೆ ಅದು ಎಲ್ಲೆಲ್ಲೂ ಇರಬೇಕಿತ್ತಲ್ಲ? ಇಲ್ಲ. ಅದು ವಿರಳ. ಅದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ.

ನಮ್ಮ ಮೈಯಲ್ಲಿರುವ ಇಂಗಾಲ, ಆಮ್ಲಜನಕ, ಕಬ್ಬಿಣ ಎಲ್ಲವೂ ನಕ್ಷತ್ರಗಳ ಕುಲುಮೆಯಲ್ಲಿ ತಯಾರಾದವು. ಬೋರಾನ್ ಹಾಗಲ್ಲ. ನಕ್ಷತ್ರದ ಒಳಗಿನ ಬಿಸಿಯಲ್ಲಿ ಅದು ಹುಟ್ಟುವ ಬದಲು ನಾಶವಾಗುತ್ತದೆ. ಹಾಗಾದರೆ ಬಂದದ್ದೆಲ್ಲಿಂದ? ಆಕಾಶದಲ್ಲಿ ವಿಶ್ವಕಿರಣಗಳು ಭಾರಿ ವೇಗದಲ್ಲಿ ಓಡಾಡುತ್ತವೆ. ಅವು ಇಂಗಾಲದ ಅಥವಾ ಆಮ್ಲಜನಕದ ಬೀಜಕ್ಕೆ ಬಡಿದಾಗ ಅದು ಒಡೆಯುತ್ತದೆ. ಹಾಗೆ ಒಡೆದ ಚೂರುಗಳಲ್ಲಿ ಕೆಲವು ಬೋರಾನ್. ಕೇರಂನಲ್ಲಿ ಸ್ಟ್ರೈಕರ್ ಬಿದ್ದು ಕಾಯಿಗಳು ಚದುರುವಂತೆ ಎನ್ನಿ. ಇಂಗಾಲ ಒಡೆದು ಹುಟ್ಟಿದ ಚೂರೇ ಮುಂದೆ ಇಂಗಾಲದ ಸಕ್ಕರೆಯನ್ನು ಕೈಹಿಡಿದು ಕಾದಿತು ಎಂಬುದು ನನಗೆ ಈ ಕಥೆಯಲ್ಲಿ ಬಹಳ ಹಿಡಿಸಿದ ಭಾಗ.

ಹೀಗೆ ಹುಟ್ಟಿದ್ದು ಸ್ವಲ್ಪವೇ. ಇಂದಿನ ಕಡಲಿನ ಒಂದು ಲೀಟರ್ ನೀರಿನಲ್ಲಿ ಬೋರಾನ್ ಇರುವುದು 4ರಿಂದ 5 ಮಿಲಿಗ್ರಾಂ. ಅಷ್ಟು ತೆಳುವಾದರೆ ಅದು ಸಕ್ಕರೆಯನ್ನು ಹುಡುಕಿ ಹಿಡಿಯುವುದೆಲ್ಲಿ? ಬೋರಾನ್ ಒಂದೆಡೆ ಗುಡ್ಡೆಯಾಗಬೇಕು. ಅದಕ್ಕೆ ದಾರಿ ಎಂದರೆ ಒಣಗುವ ಕೆರೆ. ಕಲ್ಲಿನಿಂದ, ಬಿಸಿನೀರಿನ ಬುಗ್ಗೆಗಳಿಂದ ಬೋರಾನ್ ಕರಗಿ ಹರಿದು ಬರುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಬೋರಾನ್ ಲವಣಗಳು ತಳದಲ್ಲಿ ಉಳಿಯುತ್ತವೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೋಡಿದವರಿಗೆ ಇದು ಹೊಸತಲ್ಲ. ಅಲ್ಲಿ ಉಪ್ಪು, ಇಲ್ಲಿ ಬೊರಾಕ್ಸ್.

ಇಂಥ ಜಾಗ ನಮ್ಮ ದೇಶದಲ್ಲೂ ಇದೆ. ಲಡಾಖಿನ ಪೂಗಾ ಕಣಿವೆ. ಸಮುದ್ರ ಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಎತ್ತರ, ಮೈ ಕೊರೆಯುವ ಚಳಿ, ಆದರೂ ನೆಲದಿಂದ ಹೊಗೆಯಾಡುವ ಬಿಸಿನೀರಿನ ಬುಗ್ಗೆಗಳು. ಅವುಗಳ ಸುತ್ತ ನೆಲದ ಮೇಲೆ ಬೊರಾಕ್ಸ್ ಬಿಳಿಯಾಗಿ ಹೆಪ್ಪುಗಟ್ಟುತ್ತದೆ. ಟಿಬೆಟ್ ಮತ್ತು ಲಡಾಖಿನ ಇಂಥ ಸರೋವರಗಳಿಂದ ಕುರಿ ಮೇಕೆಗಳ ಬೆನ್ನ ಮೇಲೆ ಹೇರಿಕೊಂಡು ಹಿಮಾಲಯ ದಾಟಿ ಬಂದ ಬಿಳಿಗಾರ ಒಂದು ಕಾಲದಲ್ಲಿ ದೊಡ್ಡ ವ್ಯಾಪಾರವಾಗಿತ್ತು.

ಆದರೆ ಆಗ ಕೆರೆ ಇತ್ತೇ?

ಇಲ್ಲಿಯವರೆಗೆ ಕೇಳಿದ ಮೊಮ್ಮಗಳು ಕೈ ಎತ್ತಿದಳು. "ತಾತ, ಇದೆಲ್ಲ ಈಗಿನ ಕೆರೆ, ಈಗಿನ ಕಲ್ಲು. ಆಗ ಇತ್ತು ಅಂತ ಏನು ಗ್ಯಾರಂಟಿ?"

ವಿಜ್ಞಾನಿಗಳು ಬೆನ್ನರ್ ಅವರನ್ನು ಕೇಳಿದ್ದೂ ಇದನ್ನೇ. ಈ ವಾದ ನಿಲ್ಲುವುದೋ ಬೀಳುವುದೋ ಎಂಬುದು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಒಣಗುವ ಕೆರೆಗೆ ಒಣನೆಲ ಬೇಕು. ಆದಿಭೂಮಿಯ ಬಹುಭಾಗ ನೀರೇ ಆಗಿತ್ತು, ನೆಲ ತೀರಾ ಕಡಿಮೆ ಇತ್ತು ಎನ್ನುವವರು ಇದ್ದಾರೆ. ಬೊರಾಕ್ಸಿನಂಥ ಲವಣಗಳು ನೀರು ಸೋಕಿದರೆ ಕರಗುತ್ತವೆ, ಕೋಟಿಗಟ್ಟಲೆ ವರ್ಷ ಉಳಿಯುವುದಿಲ್ಲ. ಆದ್ದರಿಂದ ಅಷ್ಟು ಹಳೆಯ ಸಾಕ್ಷಿ ಹುಡುಕುವುದು ಹೋದ ವರ್ಷದ ಮಳೆಯಲ್ಲಿ ಅಳಿಸಿದ ರಂಗೋಲಿಯನ್ನು ಹುಡುಕಿದಂತೆ.

ಆದರೂ ಒಂದು ಸುಳಿವು ಸಿಕ್ಕಿದೆ. ಗ್ರೀನ್‌ಲ್ಯಾಂಡಿನ ಇಸುವಾ ಎಂಬಲ್ಲಿ ಸುಮಾರು 370 ಕೋಟಿ ವರ್ಷ ಹಳೆಯ ಬಂಡೆಗಳಿವೆ. ಅವುಗಳಲ್ಲಿ ಟೂರ್ಮಲಿನ್ ಎಂಬ ಹರಳುಗಳಿವೆ. ಆಭರಣಕ್ಕೆ ಬಳಸುವ ಬಣ್ಣದ ಟೂರ್ಮಲಿನ್ ಕಲ್ಲಿನ ಜಾತಿಯವೇ ಅವು. ಬೋರಾನ್ ಇಲ್ಲದೆ ಟೂರ್ಮಲಿನ್ ಇಲ್ಲ. ಅಂದರೆ ಅಷ್ಟು ಹಿಂದೆಯೇ ಆ ಕಡಲತಳದ ಕೆಸರಿನಲ್ಲಿ ಗುರುತು ಬಿಡುವಷ್ಟು ಬೋರಾನ್ ಇತ್ತು. ಬೋರಾನ್ ಇತ್ತೆಂಬುದಕ್ಕೆ ಇದು ಸಾಕ್ಷಿ. ಒಣಗಿದ ಕೆರೆ ಇತ್ತೆಂಬುದಕ್ಕೆ ಇದು ಸಾಲದು.

ಮಂಗಳ ಗ್ರಹದ ಕಡೆಯಿಂದಲೂ ಸುದ್ದಿ ಬಂದಿದೆ. 2012ರಲ್ಲಿ ಅಲ್ಲಿ ಇಳಿದ ಕ್ಯೂರಿಯಾಸಿಟಿ ಎಂಬ ಬಂಡಿ ಗೇಲ್ ಕುಳಿಯ ಬಂಡೆಗಳಿಗೆ ಲೇಸರ್ ಬಿಟ್ಟು ಪರೀಕ್ಷಿಸಿತು. ಆ ಬಂಡೆಗಳ ಬಿಳಿ ಗೆರೆಗಳಲ್ಲಿ ಬೋರಾನ್ ಇದೆ ಎಂದು 2017ರಲ್ಲಿ ವಿಜ್ಞಾನಿಗಳು ತಿಳಿಸಿದರು. ಒಂದು ಕಾಲದಲ್ಲಿ ಅಲ್ಲಿ ಕೆರೆ ಇತ್ತು, ನೆಲದಡಿ ನೀರು ಹರಿದಿತ್ತು ಎಂಬುದೂ ಗೊತ್ತಾಗಿದೆ. ಜೀವದ ಮೊದಲ ಅಡುಗೆ ಮಂಗಳದಲ್ಲೇ ಆಗಿ, ಅಲ್ಲಿಂದ ಸಿಡಿದ ಕಲ್ಲಿನ ಜೊತೆ ಭೂಮಿಗೆ ಬಂದಿರಬಾರದೇಕೆ ಎಂದು 2013ರಲ್ಲಿ ಬೆನ್ನರ್ ಕೇಳಿದ್ದರು. ಅದು ಇನ್ನೂ ಪ್ರಶ್ನೆಯೇ.

ಬೇರೆ ದಾರಿ ಹುಡುಕಿದವರೂ ಇದ್ದಾರೆ. ಇಂಗ್ಲೆಂಡಿನ ಜಾನ್ ಸದರ್ಲೆಂಡ್ ತಂಡ 2009ರಲ್ಲಿ ಆರ್‌ಎನ್‌ಎಯ ಮಣಿಯನ್ನು ಕಟ್ಟಿದ್ದು ಬಿಡಿ ರೈಬೋಸಿನ ಗೋಜಿಗೇ ಹೋಗದೆ. ಸಕ್ಕರೆಯನ್ನು ಬೇರೆ ಮಾಡಿಟ್ಟು ಕಾಯುವ ತಾಪತ್ರಯವೇ ಬೇಡ, ಸಕ್ಕರೆಯೂ ಪ್ರತ್ಯಾಮ್ಲವೂ ಒಟ್ಟಿಗೇ ಬೆಳೆಯಲಿ ಎಂಬುದು ಅವರ ಉಪಾಯ. ಜೀವ ಹುಟ್ಟಿದ್ದು ಕಡಲತಳದ ಬಿಸಿ ಬುಗ್ಗೆಗಳಲ್ಲಿ ಎನ್ನುವವರಿಗಂತೂ ಒಣಗುವ ಕೆರೆಯೇ ಬೇಡ.

ಸಕ್ಕರೆ ಆಕಾಶದಿಂದಲೂ ಬರಬಹುದು. ಜಪಾನಿನ ಯೊಶಿಹಿರೊ ಫುರುಕಾವಾ ತಂಡ 2019ರಲ್ಲಿ ಉಲ್ಕಾಶಿಲೆಗಳಲ್ಲಿ ರೈಬೋಸ್ ಕಂಡಿತು. ಆಮೇಲೆ 2023ರ ಸೆಪ್ಟೆಂಬರಿನಲ್ಲಿ ನಾಸಾದ ನೌಕೆಯೊಂದು ಕ್ಷುದ್ರಗ್ರಹದಿಂದ ಸುಮಾರು 120 ಗ್ರಾಂ ಕಲ್ಲುಮಣ್ಣು ತಂದಿತು. ಆ ಕ್ಷುದ್ರಗ್ರಹದ ಹೆಸರು ಬೆನ್ನು. ಕನ್ನಡದ ಬೆನ್ನಲ್ಲ, ಈಜಿಪ್ಟಿನ ಪುರಾಣದ ಹಕ್ಕಿ. ಹೆಸರು ಸೂಚಿಸಿದವನು ಅಮೆರಿಕದ 9 ವರ್ಷದ ಶಾಲಾಬಾಲಕ! ಆ ಮಣ್ಣಿನಲ್ಲಿ ಉಪ್ಪುನೀರು ಆರಿ ಉಳಿದ ಲವಣಗಳೂ ಸಿಕ್ಕವು. 2025ರಲ್ಲಿ ಫುರುಕಾವಾ ತಂಡ ಅದರಲ್ಲೂ ರೈಬೋಸ್ ಪತ್ತೆಮಾಡಿತು. ಹಾಗೆ ಬಂದ ಸಕ್ಕರೆ ಭೂಮಿಯ ಬೆಚ್ಚನೆಯ ನೀರಿಗೆ ಬಿದ್ದ ಮೇಲೆ ಕೆಡದಂತೆ ಕಾಯಲು ಮತ್ತೆ ಯಾರಾದರೂ ಬೇಕಲ್ಲ ಎಂದು ಬೋರಾನಿನ ಕಡೆಯವರು ಕೇಳುತ್ತಾರೆ.

ನೋಡಿ, ಇದು ತೀರ್ಪು ಬಂದ ಮೊಕದ್ದಮೆಯಲ್ಲ. ಬೋರಾನ್ ರೈಬೋಸನ್ನು ಕಾಯುತ್ತದೆ ಎಂಬುದು ಪ್ರಯೋಗದಲ್ಲಿ ಕಂಡ ಮಾತು. 400 ಕೋಟಿ ವರ್ಷಗಳ ಹಿಂದೆ ನಿಜಕ್ಕೂ ಹಾಗೆ ಕಾದಿತ್ತೇ ಎಂಬುದು ವಿಚಾರಣೆಯಲ್ಲಿದೆ. ಇವೆರಡನ್ನೂ ಬೇರೆ ಬೇರೆ ಇಡಲು ಕಲಿತರೆ ನೀವು ಅರ್ಧ ವಿಜ್ಞಾನಿಗಳಾದಂತೆ.

ತಾರಸಿ ಗಟ್ಟಿಯಾದ ಮೇಲೆ

ಒಂದು ಸಂಶಯ ನಿಮಗೂ ಬಂದಿರಬೇಕು. ಬೋರಾನ್ ಅಷ್ಟು ಮುಖ್ಯವಾಗಿದ್ದರೆ ಇವತ್ತಿನ ಆರ್‌ಎನ್‌ಎಯಲ್ಲಿ ಅದು ಯಾಕಿಲ್ಲ?

ಮನೆಗೆ ತಾರಸಿ ಹಾಕುವುದನ್ನು ನೋಡಿದ್ದೀರಲ್ಲ. ಮೊದಲು ಕಂಬ ನೆಟ್ಟು, ಹಲಗೆ ಹೊದಿಸಿ ಸೆಂಟ್ರಿಂಗ್ ಕಟ್ಟುತ್ತಾರೆ. ಅದರ ಮೇಲೆ ಕಾಂಕ್ರೀಟು ಸುರಿಯುತ್ತಾರೆ. ತಾರಸಿ ಗಟ್ಟಿಯಾದ ಮೇಲೆ ಸೆಂಟ್ರಿಂಗ್ ಬಿಚ್ಚಿ ಒಯ್ಯುತ್ತಾರೆ. ಗೃಹಪ್ರವೇಶಕ್ಕೆ ಬಂದವರಿಗೆ ಅದು ಕಾಣುವುದಿಲ್ಲ. ಅದಿಲ್ಲದೆ ಆ ಮನೆಯೂ ಇಲ್ಲ. ಬೋರಾನ್ ಮಾಡಿದ್ದು ಅಂಥ ಕೆಲಸವಿರಬಹುದು. ಹಿಡಿಯಲೂ ಬಲ್ಲದು, ಬಿಡಲೂ ಬಲ್ಲದು ಎಂದೆನಲ್ಲ, ಅದು ಇದಕ್ಕೇ.

ಅದು ಇನ್ನೊಂದು ಉಪಕಾರವನ್ನೂ ಮಾಡಬಲ್ಲದು. ಸರ ಪೋಣಿಸಲು ಫಾಸ್ಫೇಟ್ ಬಂದು ಸರಿಯಾದ ಕೈಯನ್ನೇ ಹಿಡಿಯಬೇಕು, ಐದನೆಯ ಇಂಗಾಲದ ಕೈಯನ್ನು. ಎರಡನೆಯ, ಮೂರನೆಯ ಕೈಗಳನ್ನು ಬೋರಾನ್ ಆಗಲೇ ಹಿಡಿದಿದ್ದರೆ ಫಾಸ್ಫೇಟಿಗೆ ಉಳಿಯುವುದು ಅದೇ ಕೈ. ಬೋರಾನ್ ಮತ್ತು ಫಾಸ್ಫೇಟ್ ಎರಡೂ ಇರುವ ಖನಿಜವೊಂದನ್ನು ಬಳಸಿ ಬೆನ್ನರ್, ಫುರುಕಾವಾ ಮತ್ತು ಜೊತೆಗಾರರು 2016ರಲ್ಲಿ ಇದನ್ನೂ ಮಾಡಿ ತೋರಿಸಿದರು.

ಸೆಂಟ್ರಿಂಗ್ ಬಿಚ್ಚಿದ ಮೇಲೂ ಬೋರಾನ್ ಜೀವಲೋಕವನ್ನು ಪೂರ್ತಿ ಬಿಟ್ಟು ಹೋಗಲಿಲ್ಲ. ಕಡಲಿನಲ್ಲಿ ಬೆಳಕು ಚೆಲ್ಲುವ ಒಂದು ಜಾತಿಯ ಬ್ಯಾಕ್ಟೀರಿಯಗಳು ತಮ್ಮ ಸುತ್ತ ಎಷ್ಟು ಮಂದಿ ನೆಂಟರಿದ್ದಾರೆ ಎಂದು ತಿಳಿಯಲು ಒಂದು ಅಣುವನ್ನು ಸಂದೇಶವಾಗಿ ಹೊರಬಿಡುತ್ತವೆ. ಗುಂಪು ದೊಡ್ಡದಾದಾಗ ಎಲ್ಲವೂ ಒಟ್ಟಿಗೆ ಹೊಳೆಯುತ್ತವೆ. ಸಕ್ಕರೆಯನ್ನು ಹೋಲುವ ಆ ಅಣುವಿನ ಎರಡು ಕೈ ಹಿಡಿದು ಕೂತಿರುವುದು ಬೋರಾನ್. ಅದು ಗೊತ್ತಾದದ್ದು 2002ರಲ್ಲಿ.

ಗಿಡಗಳಿಗೂ ಬೋರಾನ್ ಬೇಕೇ ಬೇಕು ಎಂದು 1923ರಲ್ಲಿ ಸಾಧಿಸಿದವರು ಇಂಗ್ಲೆಂಡಿನ ಕ್ಯಾಥರಿನ್ ವಾರಿಂಗ್‌ಟನ್ ಎಂಬ ಸಸ್ಯವಿಜ್ಞಾನಿ. ಒಂದು ಜಾತಿಯ ಅವರೆ ಗಿಡಗಳನ್ನು ಬೋರಾನ್ ಇಲ್ಲದೆ ಬೆಳೆಸಲು ಹೋದರೆ ಅವು ಸೊರಗಿ ಸಾಯುತ್ತಿದ್ದವು. ಕಾರಣ ಬಹಳ ವರ್ಷಗಳ ಮೇಲೆ ತಿಳಿಯಿತು. ಸಸ್ಯಕೋಶದ ಗೋಡೆಯಲ್ಲಿ ಸಕ್ಕರೆಗಳ ಉದ್ದ ಸರಪಳಿಗಳಿವೆ. ಎರಡು ಸರಪಳಿಗಳ ಸಕ್ಕರೆಯ ಕೈಗಳನ್ನು ಎರಡೂ ಕಡೆಯಿಂದ ಹಿಡಿದು ಜೋಡಿಸುವುದು ಒಂದು ಬೋರಾನ್ ಪರಮಾಣು. ಅದು ಸಿಗದಿದ್ದರೆ ಹೊಸ ಗೋಡೆ ಸರಿಯಾಗಿ ಏಳುವುದಿಲ್ಲ. ಆದ್ದರಿಂದ ಪೆಟ್ಟು ಮೊದಲು ಬೀಳುವುದು ಎಳೆಯ ಚಿಗುರಿಗೆ. ತೆಂಗಿನ ಸುಳಿಗರಿ ಮುದುಡುವುದೂ ಇದರಿಂದಲೇ.

ಕೊನೆಗೆ ಒಂದು ಎಚ್ಚರಿಕೆ. ಬೊರಾಕ್ಸ್ ಆಗಲಿ ಬೋರಿಕ್ ಪುಡಿಯಾಗಲಿ ತಿನ್ನುವ ವಸ್ತುವಲ್ಲ, ಹೊಟ್ಟೆಗೆ ಹೋದರೆ ವಿಷ. ಕೇರಂ ಆಡಿದ ಮೇಲೆ, ಸ್ಲೈಮ್ ಮುಟ್ಟಿದ ಮೇಲೆ ಕೈ ತೊಳೆದೇ ತಿಂಡಿಗೆ ಕೂರಿ. ಪುಟ್ಟ ತಮ್ಮ ತಂಗಿಯರ ಕೈಗೆ ಡಬ್ಬಿ ಸಿಗದಂತೆ ಇಡಿ.

ಮೊಮ್ಮಗಳ ಪ್ರಶ್ನೆಗೆ ನಾನು ಪೂರ್ತಿ ಉತ್ತರ ಕೊಟ್ಟಿಲ್ಲ, ಕೊಟ್ಟವರು ಇನ್ನೂ ಯಾರೂ ಇಲ್ಲ. ಆದರೆ ಉತ್ತರದ ಒಂದು ತುಂಡು ಎಲ್ಲಿ ನಡೆಯುತ್ತಿದೆ ಎಂದು ತೋರಿಸಬಲ್ಲೆ. ಬೇಸಿಗೆ ರಜೆಗೆ ಊರಿಗೆ ಹೋದಾಗ ತೋಟದಲ್ಲಿ ತೆಂಗಿನ ಬುಡಕ್ಕೆ ಯಾರಾದರೂ ಬಿಳಿ ಪುಡಿ ಹಾಕುತ್ತಿದ್ದರೆ ಹತ್ತಿರ ನಿಂತು ನೋಡಿ. ಮಣ್ಣಿನಿಂದ ಬೇರಿಗೆ, ಬೇರಿನಿಂದ ಸುಳಿಗೆ ಏರಿ ಆ ಬೋರಾನ್ ಅಲ್ಲಿ ಮಾಡುವುದು ಅದೇ ಹಳೆಯ ಕೆಲಸ: ಸಕ್ಕರೆಯ ಎರಡು ಕೈ ಹಿಡಿದು ನಿಲ್ಲುವುದು. ಪಕ್ಕದಲ್ಲಿ ಅಜ್ಜ ಇದ್ದರೆ ಈ ಕಥೆಯನ್ನು ಅವರಿಗೆ ನೀವೇ ಹೇಳಿ.